ಡಾಕ್ಟರ್ ತ್ರಿವಿಕ್ರಮರ ಹೆಂಡತಿ

ಜೂನ್ 8, ಭಾನುವಾರ

ಅನುಶ್ರೀ ಬೆಳಗ್ಗೆ ಕೆ.ಆರ್. ನಗರದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸು ಹೋದಳು. ಅವರಪ್ಪನಿಗೆ ಡಯಾಪರ್ ಕಟ್ಟು, ನನಗೆ ಒಂದು ಪುಸ್ತಕ ತಂದಿದ್ದಳು. ಈ ಮನೆಯಲ್ಲಿ ಯಾರಿಗೆ ಏನು ಬೇಕು ಅನ್ನುವುದು ಮಗಳಿಗೆ ಸರಿಯಾಗಿಯೇ ಗೊತ್ತು.

ಪುಸ್ತಕದ ಹೆಸರು ‘ಡಾಕ್ಟರ್ ತ್ರಿವಿಕ್ರಮರ ಅವರೆಕಾಯಿ’. ಕಾದಂಬರಿ. ಬರೆದವರು ಅವಳ ಬ್ಯಾಂಕಿಗೆ ಬರುವ ಕಾಲೇಜು ಮೇಷ್ಟ್ರೊಬ್ಬರಂತೆ, ಕೆ.ಆರ್. ನಗರದವರೇ. “ಓದಮ್ಮ, ನಕ್ಕೂ ನಕ್ಕೂ ಸಾಕಾಗುತ್ತೆ. ಆದ್ರೆ ಅಪ್ಪಂಗೆ ಮಾತ್ರ ಹೇಳ್ಬೇಡ” ಅಂದಳು.

ಹೇಳದಿದ್ದರೆ ಅವರಿಗೆ ತಾನೇ ಹೇಗೆ ಗೊತ್ತಾಗಬೇಕು? ಲಕ್ವ ಹೊಡೆದಾಗಿನಿಂದ ಇವರ ಕಣ್ಣಿಗೆ ಅಕ್ಷರ ನಿಲ್ಲುತ್ತಿಲ್ಲ. ಪೇಪರ್ ಹಿಡಿದರೆ ಇರುವೆ ಹರಿದಂತೆ ಕಾಣುತ್ತದಂತೆ. ಬಲಗೈ, ಬಲಗಾಲು ಹೋದವು. ಇಂಗ್ಲಿಷ್ ಪೂರಾ ಹೋಯಿತು. ರಾಗಿ ತಳಿಯ ವಿಜ್ಞಾನಿ ಡಾ. ಸಿದ್ದರಾಜು ಎಂದರೆ ಇಂಗ್ಲಿಷಿನಲ್ಲೇ ಸೀನುವವರು ಎಂದು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದರು. ಅವರು ಈಗ ಎಚ್.ಡಿ. ಕೋಟೆ ಕಡೆಯ ಹ್ಯಾಂಡ್‌ಪೋಸ್ಟ್ ಪಕ್ಕದ ತಮ್ಮ ಹಳ್ಳಿಯ ಮಾತನ್ನೇ ಆಡುತ್ತಾರೆ, ಅದೂ ತೊದಲುತ್ತಾ. ನೆನಪು ಮಾತ್ರ ಗಟ್ಟಿ. ಮೈಸೂರಿನ ಡಾಕ್ಟರ್ ಅದನ್ನು ಅದೃಷ್ಟ ಅಂದರು. ಇನ್ನೊಂದು ಸಲ ಹೊಡೆದರೆ ಉಳಿಯುವುದು ಕಷ್ಟ ಅಂತಲೂ ಅಂದರು.

ಜೂನ್ 11, ಬುಧವಾರ

ಪುಸ್ತಕ ಮುಗಿಯಿತು. ಅರ್ಧ ಒಲೆಯ ಮುಂದೆ ನಿಂತೇ ಓದಿದೆ. ಸಾರು ಒಂದು ಸಲ ಉಕ್ಕಿತು.

ಡಾಕ್ಟರ್ ತ್ರಿವಿಕ್ರಮ ಹೊಸ ಅವರೆ ತಳಿ ಕಂಡುಹಿಡಿಯುತ್ತಾರೆ. ಹುಳ ಹಿಡಿಯುವುದಿಲ್ಲ, ಕಾಳು ನಿಂಬೆಹಣ್ಣಿನ ಗಾತ್ರ, ವರ್ಷವಿಡೀ ಕಾಯಿ. ಇಲ್ಲದ್ದು ಒಂದೇ, ಸೊಗಡು. ಸೊಗಡಿಲ್ಲದ ಅವರೆಯನ್ನು ನಮ್ಮ ಕಡೆ ಯಾರು ಮೂಸುತ್ತಾರೆ? ತ್ರಿವಿಕ್ರಮರು ಅಷ್ಟಕ್ಕೆ ಜಗ್ಗುವ ಆಳಲ್ಲ. ಸೊಗಡು ಇರುವುದು ಕಾಯಿಯಲ್ಲಲ್ಲ, ಅದು ಜನರ ಮೂಗಿನ ಮೂಢನಂಬಿಕೆ ಎಂದು ಪ್ರಬಂಧ ಬರೆಯುತ್ತಾರೆ. ಸರ್ಕಾರ ಹೋಬಳಿಗೊಂದು ಮೂಗು ತಪಾಸಣೆ ಶಿಬಿರ ಹಾಕುತ್ತದೆ. ಅದನ್ನು ಓದುವಾಗ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಅನು ಯಾಕೆ ಹಾಗೆ ಹೇಳಿ ಹೋದಳು ಎಂದು ಎರಡನೇ ಪುಟಕ್ಕೇ ತಿಳಿಯಿತು. ಇವರ ರಾಗಿಯೂ ಹಾಗೇ ಅಲ್ಲವೇ? ಗಿಡ್ಡ ತಳಿ, ಗಾಳಿಗೆ ಮಲಗುವುದಿಲ್ಲ, ತೆನೆ ತುಂಬ ಕಾಳು. ಹುಲ್ಲು ಮಾತ್ರ ಮೊಳಕಾಲೆತ್ತರ. ಪಿರಿಯಾಪಟ್ಟಣದ ಸಭೆಯಲ್ಲಿ ಒಬ್ಬ ರೈತ ಎದ್ದು, “ದನಕೆ ಏನಾಕುವ ಸ್ವಾಮಿ?” ಅಂದಿದ್ದಕ್ಕೆ ಇವರು, “ದನದ ವಿಷಯಕ್ಕೆ ಬೇರೆ ಇಲಾಖೆ ಇದೆ” ಅಂದಿದ್ದರು. ಈ ಮೇಷ್ಟ್ರಿಗೆ ಆ ಮಾತು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ನನ್ನದೊಂದು ದೂರಿದೆ. ತ್ರಿವಿಕ್ರಮರಿಗೆ ಹೆಂಡತಿ ಇದ್ದಾಳೆ. ಇಡೀ ಪುಸ್ತಕದಲ್ಲಿ ಎರಡು ಕಡೆ ಬರುತ್ತಾಳೆ, ಎರಡು ಕಡೆಯೂ ಕಾಫಿ ತರುತ್ತಾಳೆ. ಹೆಸರೂ ಇಲ್ಲ. ಗುಮಾಸ್ತನ ಮೀಸೆಗೆ ಅರ್ಧ ಪುಟ ಕೊಟ್ಟವರಿಗೆ ಅವಳು ಕಾಣಲೇ ಇಲ್ಲ. ಅಂಥವನ ಜೊತೆ ಬಾಳುವವಳನ್ನು ಕೂರಿಸಿಕೊಂಡು ಕೇಳಿದ್ದರೆ ಇನ್ನೊಂದು ಪುಸ್ತಕಕ್ಕಾಗುವಷ್ಟು ಹೇಳುತ್ತಿದ್ದಳು. ಲೋಕವನ್ನೆಲ್ಲ ಗೇಲಿ ಮಾಡುವ ಈ ಮೇಷ್ಟ್ರೂ ಮನೆಯಲ್ಲಿ ಕಾಫಿ ಬಂದಾಗ ತಲೆ ಎತ್ತುವುದಿಲ್ಲ ಅಂತ ಕಾಣುತ್ತದೆ.

ಜೂನ್ 14, ಶನಿವಾರ

ಚನ್ನಬಸವಣ್ಣನವರು ನೋಡಲು ಬಂದಿದ್ದರು. ಸಂಶೋಧನಾ ಕೇಂದ್ರದಲ್ಲಿ ಇವರ ಕೈಕೆಳಗೆ ಇದ್ದವರು, ಇವರಿಗಿಂತ ಮೊದಲೇ ನಿವೃತ್ತರಾದವರು. ಹಳೆಯ ಮಾತು ಶುರುವಾಯಿತು. ಕೊನೆಗೆ ಇವರ ಹೊಸ ರಾಗಿ ತಳಿಯನ್ನು ಮಂತ್ರಿಗಳಿಗೆ ತೋರಿಸಿದ ಆ ಕ್ಷೇತ್ರೋತ್ಸವಕ್ಕೇ ಬಂತು, ಯಾವಾಗಲೂ ಬರುವ ಹಾಗೆ.

ಇವರು ತೊದಲುತ್ತಲೇ ಎಲ್ಲವನ್ನೂ ಹೇಳಿದರು. ಮಂತ್ರಿಗಳ ಜುಬ್ಬಾದ ಬಣ್ಣ, ಶಾಮಿಯಾನ ಗಾಳಿಗೆ ಹಾರಿದ್ದು, ಹೊಸ ತಳಿಯ ಮುದ್ದೆ, ನಾಟಿಕೋಳಿ ಸಾರು. “ಮಂತ್ರಿ ಇನ್ನೊಂದ್ ಮುದ್ದೆ ಆಕುಸ್ಕಂಡ್ರು ಕಣಯ್ಯಾ” ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ನಾನು ಬಾಗಿಲಲ್ಲಿ ನಿಂತಿದ್ದೆ. ಇನ್ನೇನಾದರೂ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ಆ ಕ್ಷೇತ್ರೋತ್ಸವದ ದಿನ ಬೆಳಗ್ಗೆ ನನ್ನ ತವರು ಮಿರ್ಲೆಯಿಂದ ತಮ್ಮ ನಟರಾಜು ಫೋನ್ ಮಾಡಿದ್ದ. “ಅಕ್ಕಾ, ಅವ್ವ ನಿನ್ನೇ ಕೇಳ್ತಾವ್ಳೆ. ಬಿರ‍್ನೆ ಬಂದ್ಬುಡು” ಅಂದ. ಹೊಸ ರಾಗಿಯ ಹಿಟ್ಟಿಗೆ ಅಂಟು ಸಾಲದು, ಮುದ್ದೆ ಕಟ್ಟಿದರೆ ಬಿರಿಯುತ್ತಿತ್ತು. ಅರ್ಧಕ್ಕರ್ಧ ನಾಟಿ ರಾಗಿ ಹಿಟ್ಟು ಬೆರೆಸಬೇಕು, ಅದು ಹೊರಗಿನ ಅಡುಗೆಯವರಿಗೆ ತಿಳಿಯಬಾರದು. ಹಾಗಾಗಿ ನಾನೇ ಬೇಕಿತ್ತು. “ಊಟ ಮುಗೀಲಿ, ಜೀಪಲ್ಲೇ ಕಳಿಸ್ತೀನಿ” ಅಂದರು ಇವರು. ಊಟ ಮುಗಿದ ಮೇಲೆ ಜೀಪು ಮಂತ್ರಿಗಳ ಕಡೆಯವರನ್ನು ಬಿಡಲು ಹೋಯಿತು. ನಾನು ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಮಿರ್ಲೆ ಸೇರುವಷ್ಟರಲ್ಲಿ ಅವ್ವನ ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದರು. ಕೊನೆವರೆಗೂ ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದಳಂತೆ.

ತಿಥಿ ಮುಗಿಸಿ ಬಂದ ದಿನ ಒಂದೇ ಒಂದು ಸಲ ಕೇಳಿದ್ದೆ. “ನಾನೇನು ನಿಮ್ಮಮ್ಮನಿಗೆ ಸಾಯಿ ಅಂದ್ನಾ?” ಅಂದು ಊಟಕ್ಕೆ ಕೂತರು. ಆಮೇಲೆ ಕೇಳಲಿಲ್ಲ.

ಜೂನ್ 16, ಸೋಮವಾರ

ಮೂಗಿನ ಶಿಬಿರ ಮತ್ತೊಂದು ಸಲ ಓದಿಕೊಳ್ಳುತ್ತಾ ನಕ್ಕುಬಿಟ್ಟೆ. “ಏನದು? ಗಟ್ಟಿಯಾಗಿ ಓದು” ಅಂದರು. ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಓದಿದೆ.

ನಕ್ಕರು! ಬಾಯಿ ಒಂದೇ ಕಡೆಗೆ ಎಳೆದರೂ ಅದು ನಗುವೇ. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಬೀರಮ್ಮ ಇವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು, “ನಗ್ತಾವ್ರೆ ಕಣವ್ವ!” ಅಂತ ಕೂಗಿದಳು. ಮನೆಗೆಲಸಕ್ಕೆಂದು ಬಂದವಳು, ಈಗ ಇವರನ್ನು ಎತ್ತಿ ಇಳಿಸುವುದೂ ಅವಳೇ. ಆ ಹೊತ್ತು ನನಗೂ ನಿಜಕ್ಕೂ ಖುಷಿಯಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇವರಿಗೆ ಎಡಗೈ ಇನ್ನೂ ಆಡುತ್ತದೆ, ಆದರೂ ಮುಟ್ಟಿಕೊಳ್ಳಲಿಲ್ಲ. “ಇಂತೋರು ನಮ್ ಇಲಾಖೇಲೂ ಅವ್ರೆ ಕಣೇ, ಎಂಥೆಂಥ ತಲೆಕೆಟ್ಟೋರು!” ಅಂದರು.

ಜೂನ್ 19, ಗುರುವಾರ

ದಿನಾ ಮೂರೂವರೆಗೆ ಓದು. ಒಂದು ಕಡೆ ತ್ರಿವಿಕ್ರಮರು ಹಾಸಿಗೆ ಹಿಡಿಯುತ್ತಾರೆ, ಅವರ ಶಿಷ್ಯರು ಬಂದು ಹಾಸಿಗೆಯ ಸುತ್ತ ನಿಂತು ಅಣಕಿಸುತ್ತಾರೆ. ಅದನ್ನು ಇವರ ಮುಂದೆ ಹೇಗೆ ಓದಲಿ? ಆ ಮೇಷ್ಟ್ರಿಗೆ ಹಾಸಿಗೆ ಹಿಡಿದವರನ್ನು ನೋಡಿಕೊಂಡು ಗೊತ್ತಿಲ್ಲ. ಮೂರು ಪುಟ ಹಾರಿಸಿದೆ. ಕಥೆ ಕಡಿದಂತೆ ಕೇಳಬಾರದೆಂದು ಒಂದೆರಡು ಮಾತು ನಾನೇ ಹೊಲಿದು ಸೇರಿಸಿದೆ. ಇವರು ಅದಕ್ಕೂ ನಕ್ಕರು.

ಜೂನ್ 22, ಭಾನುವಾರ

ಅನು ಬಂದಿದ್ದಳು. ನಾನು ಓದುವುದನ್ನು ನೋಡಿ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬೈದಳು. “ಅವರಿಗೆ ನೋವಾಗಲ್ಲ ಕಣೇ, ಅವರಿಗೆ ತಮ್ಮದು ಅಂತ ಅನ್ಸೇ ಇಲ್ಲ” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ದನಿಯಲ್ಲಿ ಏನಿತ್ತೋ.

ಜೂನ್ 27, ಶುಕ್ರವಾರ

ತ್ರಿವಿಕ್ರಮರ ಹೆಂಡತಿಗೆ ಒಂದು ಹೆಸರಿಟ್ಟೆ, ಲಕ್ಷ್ಮಿದೇವಿ. ಹೆಸರಿಲ್ಲದೆ ಎಷ್ಟು ದಿನ ಕಾಫಿ ತರುತ್ತಾಳೆ ಪಾಪ. ಇವತ್ತು ಅವಳ ಕೈಲಿ ಒಂದು ಮಾತಾಡಿಸಿದೆ. ಗಂಡ ಬೀಜದ ಡಬ್ಬಿಗಳನ್ನೆಲ್ಲ ಮಲಗುವ ಕೋಣೆಗೆ ತಂದು ಜೋಡಿಸಿದಾಗ, “ನಾನೆಲ್ಲಿ ಮಲಗಲಿ?” ಅನ್ನುತ್ತಾಳೆ. “ನಿನಗೆ ಮೊಳಕೆ ಬರಲ್ಲವಲ್ಲ, ಎಲ್ಲಾದರೂ ಮಲಗು” ಅನ್ನುತ್ತಾರೆ ತ್ರಿವಿಕ್ರಮರು.

ಇವರು ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ಬೆನ್ನು ತಟ್ಟಿದೆ. ಅದು ಇವರೇ ಆಡಿದ ಮಾತು. ಅನು ಹುಟ್ಟುವ ಮೊದಲು, ಕ್ವಾರ್ಟರ್ಸಿನಲ್ಲಿ, ನನಗೆ ಎರಡನೇ ಸಲ ಗರ್ಭ ನಿಲ್ಲದೆ ಹೋದ ತಿಂಗಳು.

“ಒಳ್ಳೆ ಪೆದ್ದಿ ಸಿಕ್ಕವ್ಳೆ ಅವ್ನ್‌ಗೆ. ಬಾಯಿ ಬುಟ್ಕಂಡು ನೋಡ್ತಾಳಲ್ಲ” ಅಂದರು.

ಜುಲೈ 2, ಬುಧವಾರ

ಇವರು ಈಗ ಮೂರು ಗಂಟೆಗೇ ಕೇಳುತ್ತಾರೆ, “ಆ ಪೆದ್ದಿ ಏನ್ ಮಾಡುದ್ಲು ಇವತ್ತು?” ಮೂಗಿನ ಶಿಬಿರ, ಗುಮಾಸ್ತನ ಮೀಸೆ ಯಾವುದೂ ಬೇಡ. ಲೇಖಕರ ಬರಹಕ್ಕಿಂತ ನನ್ನದೇ ಹೆಚ್ಚು ಹಿಡಿಸಿದೆ. ಹೆಮ್ಮೆ ಪಡಬೇಕೋ ಏನೋ.

ಮಧ್ಯಾಹ್ನ ಪಾತ್ರೆ ತೊಳೆಯುವಾಗಲೇ ಅವತ್ತಿನದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತೇನೆ. ಲಕ್ಷ್ಮಿದೇವಿಗೆ ಎಚ್.ಡಿ. ಕೋಟೆ ಹೈಸ್ಕೂಲಿನಲ್ಲಿ ಕೆಲಸದ ಆರ್ಡರ್ ಬಂದದ್ದು, ತ್ರಿವಿಕ್ರಮರು ಅದರ ಹಿಂದುಗಡೆ ಮಳೆಯ ಲೆಕ್ಕ ಬರೆದದ್ದು. ನಾನು ಹೆಚ್ಚೇನೂ ಮಾಡುತ್ತಿಲ್ಲ. ಪುಸ್ತಕದಲ್ಲಿ ಜಾಗವಿತ್ತು, ತುಂಬುತ್ತಿದ್ದೇನೆ ಅಷ್ಟೇ.

ಜುಲೈ 5, ಶನಿವಾರ

ಇವತ್ತು ಮಂತ್ರಿಗಳ ಊಟ ಓದಿದೆ. ತ್ರಿವಿಕ್ರಮರು ಹೆಂಡತಿಯನ್ನು ಕರೆದು, ನಮ್ಮ ಅವರೆಯ ಸಾರಿಗೆ ಯಾರಿಗೂ ಕಾಣದಂತೆ ಊರ ಅವರೆ ಬೆರೆಸು, ಸೊಗಡು ಬರಲಿ ಅನ್ನುತ್ತಾರೆ. ಮಂತ್ರಿಗಳು ಮೂಸಿ ಮೂಸಿ ಉಣ್ಣುತ್ತಾರೆ. ತ್ರಿವಿಕ್ರಮರಿಗೆ ಪ್ರಶಸ್ತಿ ಬರುತ್ತದೆ.

ಈಗಲಾದರೂ ಮುಖ ನೋಡಬೇಕಲ್ಲ ಎಂದು ಪುಸ್ತಕದ ಮೇಲಿನಿಂದ ನೋಡಿದೆ. ಇವರು ಎಡಗೈಯಲ್ಲಿ ಮಂಚ ಗುದ್ದಿ, “ಕಳ್ ನನ್ಮಗ! ಸಿಗಾಕಳ್ಳಿಲ್ವಾ?” ಅಂದರು.

“ಇಲ್ಲ. ಯಾರಿಗೂ ಗೊತ್ತಾಗ್ಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು” ಅಂದೆ.

“ಅವ್ಳೆಲ್ ಯೋಳಾಳು ಬುಡು.”

ಬೀರಮ್ಮ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದವಳು ಹೋಗುವಾಗ ಅಂದಳು, “ಆ ಯಮ್ಮ ಮುದ್ದೆ ಕೋಲ್ ತಗಂಡು ನಾಕ್ ಬುಡ್ಬೇಕಿತ್ತು. ಅದಿರ್ಲಿ ಕಣವ್ವ, ಅಷ್ಟೊತ್ತು ಓದುದ್ರಿ, ಒಂದ್ ಆಳೆನೂವೆ ಮಗುಚ್ನಿಲ್ವಲ್ಲ ನೀವು?”

ನಾಳೆಯಿಂದ ಆಗಾಗ ಹಾಳೆ ಮಗುಚಬೇಕು.

ಜುಲೈ 9, ಬುಧವಾರ

ಇವರ ಬೆನ್ನಿನಲ್ಲಿ ಹುಣ್ಣು. ಓದಲಿಲ್ಲ.

ಜುಲೈ 10, ಗುರುವಾರ

ಬೀರಮ್ಮ ಹೊಗೆಸೊಪ್ಪಿನ ಹೊಲಕ್ಕೆ ಗೊಬ್ಬರ ಹಾಕುವ ಕೂಲಿಗೆ ಹೋದಳು. ಒಬ್ಬಳೇ ಇವರನ್ನು ಮಗ್ಗುಲು ತಿರುಗಿಸಿ, ಒರೆಸಿ, ಪುಡಿ ಹಾಕಿ, ಸೊಂಟ ಹಿಡಿದು ಗೋಡೆಗೆ ಒರಗಿ ನಿಂತೆ. “ಓದಲ್ವಾ?” ಅಂದರು. ಸಿಟ್ಟು ಬಂತು. ಆಮೇಲೆ ಓದಿದೆ.

ಜುಲೈ 13, ಭಾನುವಾರ

ಇವತ್ತಿನ ಓದು ಕೇಳಿ ಅನುಗೆ ಗೊತ್ತಾಗಿ ಹೋಯಿತು. ಪುಸ್ತಕ ಓದಿದವಳಲ್ಲವೇ. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವಾಗ ಬಂದು ನಿಂತಳು.

“ಅಮ್ಮ, ಲಕ್ಷ್ಮಿದೇವಿ ಅನ್ನೋರು ಆ ಪುಸ್ತಕದಲ್ಲಿಲ್ಲ.”

“ಇರ್ಬೇಕಿತ್ತು.”

“ಹಾಸಿಗೆ ಹಿಡಿದೋರನ್ನ ಹಿಂಗೆ ಆಡಿಸ್ತೀಯಲ್ಲಮ್ಮ. ಏನು ಬೇಕು ನಿಂಗೆ? ನೇರವಾಗಿ ಕೇಳ್ಬಿಡು.”

ಏನು ಬೇಕು ಅಂತ ಬಟ್ಟೆ ಹಿಂಡುತ್ತಾ ಯೋಚಿಸಿದೆ. ನನಗೆ ಬೇಕಾಗಿರುವುದು ಒಂದೇ ಮಾತು. ಆ ದಿನ ನಿನ್ನನ್ನು ಕಳಿಸಬೇಕಿತ್ತು ಅಂತ. ಇನ್ನೊಂದು ಸಲ ಲಕ್ವ ಹೊಡೆಯುವ ಮೊದಲು, ಅವರ ಬಾಯಿಂದಲೇ, ನಾನು ಕೇಳದೆ. ಕೇಳಿ ಪಡೆದರೆ ಅದು ಮತ್ತೆ “ನಾನೇನು ಸಾಯಿ ಅಂದ್ನಾ?” ಅಂತಲೇ ಬರುತ್ತದೆ. ನಗುತ್ತಾ ನಗುತ್ತಾ ಅವರೇ ಬಂದು ಅದರ ಮೇಲೆ ಎಡವಲಿ ಅಂತ ನನ್ನ ಆಸೆ. ಇದನ್ನು ಮಗಳಿಗೆ ಹೇಳಲಿಲ್ಲ. “ನಿಮ್ಮಪ್ಪ ನಗ್ತಿದ್ದಾರೆ, ನಗಲಿ ಬಿಡು” ಅಂದೆ.

ಜುಲೈ 18, ಶುಕ್ರವಾರ

ಓದಿದೆ.

ಎರಡು ದಿನದಿಂದ ಜೋಡಿಸಿಕೊಂಡಿದ್ದೆ. ಇವತ್ತು ಹಾಸ್ಯ ಸೇರಿಸಲಿಲ್ಲ, ಆಗಲಿಲ್ಲ. ಮಂತ್ರಿಗಳ ಊಟದ ದಿನ ಬೆಳಗ್ಗೆ ಲಕ್ಷ್ಮಿದೇವಿಗೆ ತವರಿನಿಂದ ಫೋನ್ ಬರುತ್ತದೆ. ತವರು ಮಿರ್ಲೆ. ಹೌದು, ಮಿರ್ಲೆ ಅಂತಲೇ ಓದಿದೆ, ಬೇಕೆಂದೇ.

“ನಿಮ್ಮೂರು!” ಅಂದರು ಇವರು, ಖುಷಿಯಿಂದ. “ಬರ್ದೋನು ಆ ಕಡೆಯೋನೇ ಅಲ್ವಾ, ಅದ್ಕೇ ಆಕವ್ನೆ.”

ಮುಂದುವರಿಸಿದೆ. ಊಟ ಮುಗೀಲಿ, ಜೀಪಲ್ಲೇ ಕಳಿಸ್ತೀನಿ ಅಂದದ್ದು. ಅವಳು ಸಾರು ತಿರುವುತ್ತಾ ಕಿಟಕಿಯಿಂದ ಹೊರಗೆ ನಿಂತ ಜೀಪನ್ನೇ ನೋಡಿದ್ದು. ಊಟವಾದ ಮೇಲೆ ಜೀಪು ಬೇರೆಯವರನ್ನು ಹತ್ತಿಸಿಕೊಂಡು ಹೋದದ್ದು. ಬಸ್ಸು ಬದಲಿಸಿದ್ದು, ತಲೆಯ ಹತ್ತಿರ ದೀಪ, ಬಾಗಿಲ ಕಡೆ ತಿರುಗಿದ್ದ ಮುಖ. ಮಸಾಲೆ ವಾಸನೆಯ ಕೈಯಲ್ಲೇ ಅವ್ವನ ಕೆನ್ನೆ ಮುಟ್ಟಿದ್ದು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹಾಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎದುರಿಗಿದ್ದದ್ದು ಮೂಗಿನ ಶಿಬಿರದ ಪುಟ.

ತಲೆ ಎತ್ತಿದೆ. ಇವರು ಅಳುತ್ತಿದ್ದರು.

ಬಂತು, ಬಂದೇಬಿಟ್ಟಿತು ಅಂದುಕೊಂಡೆ.

“ಪಾಪ ಕಣೇ” ಅಂದರು. “ಮನ್ಸ ಏನೇ ಅವ್ನು? ಆ ಯಮ್ಮನ್ನ ಮುಂಚೇನೇ ಕಳ್ಸ್‌ಬೇಕಿತ್ತು. ಜೀಪು ಅಲ್ಲೇ ನಿಂತಿರ್ನಿಲ್ವಾ?”

ನಾನು ಇಷ್ಟು ವರ್ಷ ಕಾದ ಮಾತು ಅದು. ಅಕ್ಷರ ಅಕ್ಷರವೂ ಅದೇ. ಸಿಕ್ಕಿದ್ದು ಲಕ್ಷ್ಮಿದೇವಿಗೆ.

ಎಡಗೈ ಚಾಚಿ ನನ್ನ ಕೈ ಹಿಡಿದರು. ಯಾವತ್ತೂ ಹಿಡಿದವರಲ್ಲ. “ಸುಕನ್ಯಾ, ಮಾತಲ್ಲಿ ನಾನೂ ಒರಟ್ನೇ. ಎಷ್ಟೋ ಅಂದಿವ್ನಿ. ಆದ್ರೆ ನಿಂಗೆ ಇಂಗೆ ಮಾಡ್ನಿಲ್ಲ ಅಲ್ವಾ?”

ಕೇಳಿದರು. ಅವರಾಗಿಯೇ ಕೇಳಿದರು. ನಾಲಿಗೆಯ ಮೇಲೆ ಎಲ್ಲವೂ ಇತ್ತು, ಮುದ್ದೆಯ ಹಿಟ್ಟು, ನಟರಾಜುವಿನ ದನಿ, ಎಲ್ಲ. ಇವರ ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣು ನನ್ನ ಮುಖದ ಮೇಲೇ ಇತ್ತು.

“ಇಲ್ಲ ಕಣ್ರೀ” ಅಂದೆ.

ಯಾಕೆ ಅಂದೆನೋ ಗೊತ್ತಿಲ್ಲ. ಕರುಣೆ ಅಂತ ಬರೆದುಕೊಳ್ಳಲೂ ಮನಸ್ಸು ಬರುತ್ತಿಲ್ಲ. ಇವರು ಏನು ಕೇಳಿದರೂ ಇವರಿಗೆ ಬೇಕಾದ ಉತ್ತರ ಕೊಟ್ಟು ಕೊಟ್ಟು ಬಾಯಿಗೆ ಅದೇ ರೂಢಿಯಾಗಿದೆ. ಬಾಯಿ ಅಂದುಬಿಟ್ಟಿತು.

“ನನ್ ಪುಣ್ಯ” ಅಂದು ಕಣ್ಣು ಮುಚ್ಚಿದರು. ಬೇಗ ನಿದ್ದೆ ಬಂತು.

ಜುಲೈ 20, ಭಾನುವಾರ

ಇವತ್ತು ಚನ್ನಬಸವಣ್ಣನವರೂ ಅನುವೂ ಒಂದೇ ಹೊತ್ತಿಗೆ ಬಂದರು. ಇವರು ಅವರಿಬ್ಬರನ್ನೂ ಕೂರಿಸಿಕೊಂಡು ಕಥೆ ಹೇಳಿದರು. “ಒಬ್ಬ ಕಟುಕ ವಿಜ್ಞಾನಿ ಕಣಯ್ಯಾ” ಅಂತ ಶುರು ಮಾಡಿದರು. ಒಂದನ್ನೂ ಬಿಡಲಿಲ್ಲ. ಕಿಟಕಿ, ಜೀಪು, ದೀಪ, ಮಸಾಲೆ ವಾಸನೆಯ ಕೈ. ನನಗಿಂತ ಚೆನ್ನಾಗಿ ಹೇಳಿದರು. ಆ ಕೈ ಬಂದಲ್ಲಿ ಎಡಗೈಯಲ್ಲಿ ಕಣ್ಣು ಒರೆಸಿಕೊಂಡರು, ಚನ್ನಬಸವಣ್ಣನವರೂ ಕನ್ನಡಕ ತೆಗೆದು ಒರೆಸಿಕೊಂಡರು. “ಅದೆಲ್ಲ ಕಥೆ ಬಿಡಿ ಸಾರ್, ಅಂಥೋರು ಎಲ್ಲಿರ್ತಾರೆ?” ಅಂದರು ಅವರು.

“ಇರ್ತಾರೆ. ನಾವ್ ನೋಡಿಲ್ಲ ಅಷ್ಟೇಯ” ಅಂದರು ಇವರು.

ಆಮೇಲೆ ಅದೇ ಉಸಿರಿನಲ್ಲಿ ನಮ್ಮ ಕ್ಷೇತ್ರೋತ್ಸವದ ಮಾತು ಬಂತು. ಮಂತ್ರಿಗಳ ಜುಬ್ಬಾ, ಶಾಮಿಯಾನ, ಎರಡನೇ ಮುದ್ದೆ. ಒಂದು ದಿನವನ್ನು ಎರಡು ಮಾಡಿ ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ಅವ್ವನ ಸಾವು ತ್ರಿವಿಕ್ರಮರ ಪಾಲಿಗೆ ಹೋಯಿತು. ಈ ಮನೆಯಲ್ಲಿ ಇನ್ನು ಅದು ನಡೆದೇ ಇಲ್ಲ. ಇನ್ನು ಮೇಲೆ ನಾನು ಅವ್ವನ ವಿಷಯ ಎತ್ತಿದರೆ, ಪುಸ್ತಕ ಓದಿ ಓದಿ ನಿನಗೆ ತಲೆಗೆ ಹಿಡಿದಿದೆ ಅನ್ನುತ್ತಾರೆ.

ಅನು ಅಡುಗೆಮನೆಗೆ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು. ಅಜ್ಜಿ ಸತ್ತ ದಿನದ ಕಥೆ ಅವಳು ಪೂರ್ತಿ ಕೇಳಿದ್ದು ಇವತ್ತೇ, ಅದೂ ಅಪ್ಪನ ಬಾಯಿಂದ.

“ಈಗ್ಲಾದ್ರೂ ಹೇಳ್ಬಿಡಮ್ಮ” ಅಂದಳು.

“ಅವರು ಕೇಳಿದ್ರು” ಅಂದೆ. “ಇಲ್ಲ ಅಂದ್ಬಿಟ್ಟೆ.”

ಒಳಗಿನಿಂದ ಇವರು ಕರೆದರು. ನಾಳೆ ಲಕ್ಷ್ಮಿದೇವಿಗೆ ಏನಾಗುತ್ತದೆ ಎಂದು ಚನ್ನಬಸವಣ್ಣನವರಿಗೂ ಈಗಲೇ ತಿಳಿಯಬೇಕಂತೆ.